ನೆರಳಿನಷ್ಟು ಅಂಗಳ

ಬ್ಯಾಡಗಿಯ ನಮ್ಮ ಮನೆಗೆ ಅಂಗಳವೇ ಇರಲಿಲ್ಲ. ಹೊಸ್ತಿಲು ದಾಟಿದರೆ ಕಟ್ಟೆ, ಕಟ್ಟೆ ಇಳಿದರೆ ಓಣಿ. ಹಾಗಿದ್ದೂ ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಬಂದವರೆದುರಿಗೆಲ್ಲ 'ನಮ್ಮ ಅಂಗಳ' ಎಂದು ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದಳು. ಮನೆಯ ಮುಂದೆ ಒಂದು ಬೇವಿನ ಮರವಿತ್ತು, ಆಯಿಯ ಅತ್ತೆ ನೆಟ್ಟಿದ್ದಂತೆ. ಅದರ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ನಮ್ಮ ಅಂಗಳ ಎನ್ನುವುದು ಆಯಿ ಮಾಡಿದ ಸರ್ವೆ. ನಗುವಂಥದ್ದೇನೂ ಅದರಲ್ಲಿರಲಿಲ್ಲ, ಯಾಕೆಂದರೆ ನಮ್ಮ ಮನೆಯ ಸೊಸೆಯಂದಿರ ಓಡಾಟವೆಲ್ಲ ನಿಂತಿದ್ದು ಈ ಸರ್ವೆಯ ಮೇಲೆ. ಸೊಸೆಯಾದವಳು ಹಿರಿಯರನ್ನು ಕೇಳದೆ ಹೊರಗೆ ಹೋಗಬಾರದು. ಆದರೆ ಅಂಗಳಕ್ಕೆ ಹೋಗಲು ಯಾರನ್ನೂ ಕೇಳಬೇಕಿಲ್ಲ. ಆಯಿ ಹೊಸ ಸೊಸೆಯಾಗಿದ್ದಾಗ ಅವಳ ಅತ್ತೆ ಕೊಟ್ಟ ಸವಲತ್ತು ಅದು. ಆಯಿ ಅದನ್ನು ಹಾಗೆಯೇ ನನ್ನ ಅವ್ವನಿಗೆ ದಾಟಿಸಿದ್ದಳು, ಬಂಗಾರದ ಪಾಟಲಿ ದಾಟಿಸುವವರ ಗತ್ತಿನಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರಲ್ಲ, ನಮ್ಮಲ್ಲಿ ನೆರಳು ಇದ್ದಷ್ಟು.

ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಬಾಯಿಮಾತಿನಲ್ಲಿ ಅದು ಗಿಡವೇ. ಆ ಬೇವಿನ ಗಿಡ ಇಬ್ಬರು ಕೈ ಕೂಡಿಸಿ ತಬ್ಬುವಷ್ಟು ದಪ್ಪವಿತ್ತು. ಮನೆ ಪಶ್ಚಿಮಕ್ಕೆ ಮುಖ ಮಾಡಿದ್ದರಿಂದ ಮಧ್ಯಾಹ್ನ ಇಳಿದ ಮೇಲೆ ನೆರಳು ನಮ್ಮ ಮನೆಯ ಮೇಲೆಯೇ ಬೀಳುತ್ತಿತ್ತು. ಮುಂದಿನ ಕೋಣೆ, ಅಲ್ಲಿ ಆಯಿ ಮಲಗುವ ಹೊರಸು, ಮೇಲಿನ ಮಾಳಿಗೆ, ಎಲ್ಲ ತಂಪು. ಬೆಳಿಗ್ಗೆ ಮಾತ್ರ ನೆರಳು ಆಚೆ ಹೊರಳಿ, ಓಣಿ ದಾಟಿ, ಎದುರು ಮನೆಯ ಹಸೀನಾಬಿಯ ಕಟ್ಟೆ ಏರುತ್ತಿತ್ತು. ಹಸೀನಾಬಿಯ ಗಂಡ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಅವಳು ಮನೆಯಲ್ಲಿ ಕುಬಸ, ಅಂದರೆ ರವಿಕೆ, ಹೊಲಿಯುತ್ತಿದ್ದಳು. ಮಕ್ಕಳಿಗೆ ಉರ್ದುವಿನಲ್ಲಿ ಬೈದು, ಅದೇ ಉಸಿರಿನಲ್ಲಿ ನಮ್ಮನ್ನು ಕನ್ನಡದಲ್ಲಿ ಕರೆಯುತ್ತಿದ್ದ ಅವಳನ್ನು ಅವಳ ಅಕ್ಕನ ಮಕ್ಕಳ ಹಾಗೆ ನಾನೂ ಖಾಲಾ ಎನ್ನುತ್ತಿದ್ದೆ. ಹೊಲಿಗೆ ಮಶಿನ್ನನ್ನು ಬೆಳಕಿಗಾಗಿ ಕಟ್ಟೆಯ ಮೇಲೆಯೇ ಇಟ್ಟುಕೊಂಡಿದ್ದಳು. ಬೆಳಗಿನ ನೆರಳಿನಲ್ಲಿ ಆ ಮಶಿನ್ನು ನಮ್ಮ ಅಂಗಳದೊಳಗೆ ಬರುತ್ತಿತ್ತು.

ಅವ್ವನ ಬಾಳಿನಲ್ಲಿ ಸ್ವಂತದ್ದು ಎನ್ನುವ ಹೊತ್ತು ಏನಾದರೂ ಇದ್ದರೆ ಅದು ಆ ಬೆಳಗಿನದು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಅಪ್ಪ ಉಂಡು ತನ್ನ ದಲಾಲಿ ಅಂಗಡಿಗೆ ಹೊರಟನೋ ಇಲ್ಲವೋ, ಕೈ ತೊಳೆದು ಬಾಗಿಲಿಗೆ ಬಂದು ನೆರಳು ನೋಡುತ್ತಿದ್ದಳು. ಕೂಸಾಗಿದ್ದ ನನ್ನ ತಮ್ಮ ಬಸುವನ್ನು, ಮರದ ಕೆಳಟೊಂಗೆಗೆ ಹಳೆಯ ಸೀರೆ ಕಟ್ಟಿ ಮಾಡಿದ ಜೋಳಿಗೆಯಲ್ಲಿ ಮಲಗಿಸಿ, ತೂಗುವ ಕೆಲಸ ಹಿರಿಮಗಳಾದ ನನಗೆ ಹಚ್ಚಿ, ಓಣಿ ದಾಟಿ ಮಶಿನ್ನಿನ ಮುಂದೆ ಕೂಡುತ್ತಿದ್ದಳು. ಹೊಲಿಗೆ ಪೂರ್ತಿ ಕಲಿಯಬೇಕು ಎನ್ನುವುದೊಂದೇ ಅವಳ ಆಸೆ. ಬಂಗಾರ ಕೇಳಲಿಲ್ಲ, ತವರಿಗೆ ಕಳಿಸಿರೆಂದು ಹಟ ಮಾಡಲಿಲ್ಲ. ಕೊರಳು ತಿರುವುವುದು ಬಂದಿತ್ತು, ಹುಕ್ಕಿನ ಪಟ್ಟಿ ಬಂದಿತ್ತು, ತೋಳು ಕೂಡಿಸುವುದೊಂದು ಬಾಕಿ. ತೋಳು ಬಂದರೆ ಕುಬಸ ಬಂದಂತೆ, ಕುಬಸ ಬಂದರೆ ಹೆಣ್ಣುಮಗಳು ಯಾರಿಗೂ ಕೈ ಒಡ್ಡಬೇಕಿಲ್ಲ ಎಂದು ಖಾಲಾ ಹೇಳುತ್ತಿದ್ದಳು. ಅವ್ವ ಅದನ್ನು ಮಂತ್ರದಂತೆ ನಂಬಿದ್ದಳು. ಬಿಸಿಲೇರಿ ನೆರಳು ಖಾಲಾಳ ಕಟ್ಟೆಯಿಂದ ಇಳಿಯುತ್ತಲೇ ನಮ್ಮ ಹೊಸ್ತಿಲಿನಿಂದ ಆಯಿಯ ದನಿ ಬರುತ್ತಿತ್ತು.

"ಗಿರಿಜಾ, ನೆರಳು ಸರೀತು."

ಅವ್ವ ಅರ್ಧ ಹೊಲಿಗೆಯಲ್ಲೇ ಏಳುತ್ತಿದ್ದಳು. ಆಯಿಗೆ ಸಿಟ್ಟಿರುತ್ತಿರಲಿಲ್ಲ. ಸಮಯ ಹೇಳಿದ ಹಾಗೆ ಹೇಳುತ್ತಿದ್ದಳು, ಅಷ್ಟೇ. ಆಯಿ ಕೆಟ್ಟವಳು ಎಂದು ಬರೆದುಬಿಟ್ಟರೆ ನನಗೆ ಸುಲಭ, ಆದರೆ ಅವಳು ಕೆಟ್ಟವಳಲ್ಲ. ಬಸುವಿಗೆ ಜ್ವರ ಬಂದರೆ ರಾತ್ರಿಯಿಡೀ ಕೂಡುವವಳು ಅವಳೇ. ಅವಳಿಗೆ ಒಂದು ಅಳತೆ ಸಿಕ್ಕಿತ್ತು, ಆ ಅಳತೆಯಲ್ಲಿ ಅವಳು ಬದುಕಿದ್ದಳು, ಇನ್ನೊಬ್ಬಳೂ ಬದುಕಬಹುದು ಎಂದುಕೊಂಡಿದ್ದಳು. ನನಗೆ ಇಂದಿಗೂ ತಡೆಯಲಾಗದ ಸಿಟ್ಟು ಬರುವುದು ಅವಳ ಈ ತಣ್ಣನೆಯ ದನಿಯನ್ನು ನೆನೆದಾಗ. ಬೈದಿದ್ದರೆ ಅವ್ವ ತಿರುಗಿ ಬೈಯಬಹುದಿತ್ತು.

ಸುಗ್ಗಿಯಲ್ಲಿ ಊರಿಗೆ ಊರೇ ಮೆಣಸಿನಕಾಯಿಯ ಘಾಟಿನಲ್ಲಿ ಮುಳುಗುತ್ತಿತ್ತು. ಹೊಸಬರು ನಿಲ್ದಾಣದಲ್ಲಿ ರೈಲು ಇಳಿಯುತ್ತಲೇ ಸೀನಲು ಶುರು ಮಾಡುತ್ತಿದ್ದರು, ನಾವು ನಗುತ್ತಿದ್ದೆವು. ಆದರೆ ಆಯಿಗೆ ದಮ್ಮು ಇತ್ತು, ಸುಗ್ಗಿಯಲ್ಲಿ ಅವಳ ಎದೆ ಸೀಟಿ ಹೊಡೆಯುತ್ತಿತ್ತು. ಮಾರುಕಟ್ಟೆಯ ಕಡೆಯಿಂದ ಬರುವ ಗಾಳಿ ಮೊದಲು ಬೇವಿನ ಮರಕ್ಕೆ ಬಡಿದು ಆಮೇಲೆ ನಮ್ಮ ಕಿಟಕಿಗೆ ಬರುತ್ತಿತ್ತು. ಸುಗ್ಗಿ ಮುಗಿಯುವ ಹೊತ್ತಿಗೆ ಮರದ ಎಲೆಯ ಮೇಲೆ ಬೆರಳಾಡಿಸಿದರೆ ಬೆರಳು ಕೆಂಪಾಗುತ್ತಿತ್ತು, ಆ ಬೆರಳನ್ನು ಮರೆತು ಕಣ್ಣಿಗೆ ಒಯ್ದರೆ ಕಥೆ ಮುಗಿಯಿತು. ನಮ್ಮ ಪಾಲಿನ ಘಾಟನ್ನು ಅರ್ಧ ಆ ಮರವೇ ತಿನ್ನುತ್ತಿತ್ತು. ಬುಡದ ಸುತ್ತ ಹೆಂಗಸರು ಗೋಣಿತಾಟು ಹಾಸಿ ಕೂತು ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದರು, ತುಂಬು ಅಂದರೆ ತೊಟ್ಟು. ಅವರ ಬಾಯಿಂದ ಊರಿನ ಸುದ್ದಿಯೆಲ್ಲ ಕಟ್ಟೆಗೆ ಬರುತ್ತಿತ್ತು. ಯಾರ ಮದುವೆ ಮುರಿಯಿತು, ಯಾರ ಮಗ ಹಾವೇರಿ ಕೋರ್ಟಿಗೆ ಅಲೆಯುತ್ತಿದ್ದಾನೆ, ರಾಣೆಬೆನ್ನೂರಿನಲ್ಲಿ ಯಾವ ಡಾಕ್ಟರು ಒಳ್ಳೆಯವನು, ಹೊಸ್ತಿಲು ದಾಟದೆ ಅವ್ವನಿಗೆ ಎಲ್ಲ ಗೊತ್ತಿರುತ್ತಿತ್ತು. ಒಂದು ಮರ ನಿಂತಲ್ಲೇ ನಿಂತು ಇಷ್ಟೆಲ್ಲ ಮಾಡುತ್ತಿದೆ ಎಂದು ಆಗ ನಮಗ್ಯಾರಿಗೂ ತಿಳಿದಿರಲಿಲ್ಲ. ಕೆಲಸ ಮಾಡುವವರು ಸದ್ದು ಮಾಡದಿದ್ದರೆ ನಮ್ಮ ಮನೆಯಲ್ಲಿ ಲೆಕ್ಕಕ್ಕಿರಲಿಲ್ಲ, ಮರವಾಗಲಿ ಮನುಷ್ಯರಾಗಲಿ.

ಅಪ್ಪನಿಗೆ ಆ ವರ್ಷ ಒಂದು ಹೊಸ ಹುಕಿ ಹತ್ತಿತು. ರೈತರು ಅವಸರಕ್ಕೆ ತಂದ ಹಸಿ ಮಾಲು ಕಡಿಮೆಗೆ ಸಿಗುತ್ತಿತ್ತು. ಅದನ್ನು ಕೊಂಡು, ಮನೆಯ ಮಾಳಿಗೆಯ ಮೇಲೆ ಒಣಗಿಸಿ, ಒಳ್ಳೆಯ ಮಾಲಿನ ಸಂಗಡ ಮಾರುವ ಯೋಚನೆ. ಒಂದು ದಿನ ಊಟಕ್ಕೆ ಕೂತಾಗ ವಿಷಯ ಎತ್ತಿದ. ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ, ಅವ್ವ ಬೆಣ್ಣೆ ಹಾಕುತ್ತಿದ್ದಳು. ಮಧ್ಯಾಹ್ನದ ಮೇಲೆ ಮಾಳಿಗೆಗೆ ಬಿಸಿಲೇ ಬೀಳುವುದಿಲ್ಲ, ಎಲೆ ಉದುರಿ ಮಾಲು ಹೊಲಸಾಗುತ್ತದೆ, ಹೆದ್ದಾರಿ ಅಗಲ ಮಾಡುವವರ ಹತ್ತಿರ ಮರ ಕಡಿಯುವ ಗುಂಪೊಂದು ಬಂದಿದೆ, ಅವರಿಗೆ ಹೇಳಿದ್ದೇನೆ ಎಂದ. ಹೇಳುತ್ತೇನೆ ಎನ್ನಲಿಲ್ಲ, ಹೇಳಿದ್ದೇನೆ ಎಂದ. ಅಪ್ಪ ಉಣ್ಣುವಾಗ ಅವ್ವ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಗಿಡ ಇರ್ಲಿ ಬಿಡ್ರಿ."

ಅಪ್ಪ ತಲೆಯೆತ್ತಿ ನೋಡಿದ. ಅವನಿಗೂ ಆಶ್ಚರ್ಯವಾಗಿರಬೇಕು.

"ಗಿಡ ಏನ್ ನಿನಗ ಅನ್ನ ಹಾಕತೈತೇನು? ಈ ಮನಿಗೆ ಅನ್ನ ಹಾಕೋದು ಮೆಣಸಿನಕಾಯಿ."

ಅವನು ನಕ್ಕ, ಆಯಿಯೂ ನಕ್ಕಳು. ಮಗ ನಕ್ಕರೆ ಆಯಿ ನಗುವವಳು. ಅವ್ವ ಉಳಿದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದಳು. ಅಪ್ಪ ಮತ್ತೊಂದು ಕೇಳಬಹುದು ಎಂದು ಕಾಯಲಿಲ್ಲ. ಮರ ನೆಟ್ಟವಳು ನಿಮ್ಮ ಅತ್ತೆಯಲ್ಲವೇ ಎಂದು ನಾನೇ ಆಯಿಗೆ ನೆನಪಿಸಿದೆ. ನೆಟ್ಟವಳು ಹೋಗಿ ಎಷ್ಟೋ ಕಾಲವಾಯಿತು, ಮಗ ಕಣ್ಣೆದುರಿಗಿದ್ದಾನೆ ಎಂದು ಅವಳು ಹೇಳಿದಳು. ಮಾರನೆಯ ದಿನ ದೇವರ ಮನೆಯಲ್ಲಿ ಆಯಿ ಬತ್ತಿ ಹೊಸೆಯುತ್ತಿದ್ದಾಗ ಅವ್ವ ಬಾಗಿಲಲ್ಲಿ ಬಂದು ನಿಂತಳು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅತ್ತೀ, ಗಿಡ ಹೋದ ಮ್ಯಾಲ ಅಂಗಳ ಎಲ್ಲೀ ತನಕರಿ?"

"ಹೋಗ್ಲಿ ಮೊದಲ. ಆಮ್ಯಾಲ ನೋಡೋಣಂತ."

ಆಯಿ ತಲೆಯೆತ್ತದೆ ಹೇಳಿದಳು. ಅವಳಿಗೆ ಉತ್ತರ ಗೊತ್ತಿತ್ತು ಎಂದು ಆ ತಗ್ಗಿದ ತಲೆಯಿಂದಲೇ ನನಗೆ ಅನ್ನಿಸಿತು. ಮರ ಕಡಿಯಲು ಯಾರನ್ನು ಕೇಳಬೇಕೋ, ಅಪ್ಪ ಅದನ್ನೆಲ್ಲ ಹೇಗೆ ನಿಭಾಯಿಸಿದನೋ ನನಗೆ ತಿಳಿಯದು. ಅವ್ವನನ್ನಂತೂ ಕೇಳಲಿಲ್ಲ.

ಬೇವು ಅಂದರೆ ದೇವಿ. ಹಾಗೆಯೇ ಕೊಡಲಿ ಹಾಕುವಂತಿಲ್ಲ. ಮನೆಯ ಮುತ್ತೈದೆ ಮರಕ್ಕೆ ಅರಿಸಿನ ಕುಂಕುಮ ಹಚ್ಚಿ, ಉಡಿ ತುಂಬಿ, ತಪ್ಪಾಯಿತು ತಾಯಿ ಎಂದು ಕೈ ಮುಗಿಯಬೇಕು. ಆ ಕೆಲಸ ಅವ್ವನಿಗೇ ಬಂತು. ಕಡಿಸುವವನು ಅಪ್ಪ, ಮಾಲು ಅಪ್ಪನದು, ತಪ್ಪೊಪ್ಪಿಕೊಳ್ಳುವವಳು ಅವ್ವ. ಇಂಥ ಏರ್ಪಾಡು ನಮ್ಮವರಿಗೆ ಮಾತ್ರ ಹೊಳೆಯುತ್ತದೆ. ಅವ್ವ ತಲೆಗೆ ನೀರು ಹಾಕಿಕೊಂಡು ಬಂದಳು. ಅಕ್ಕಿ, ಕಾಯಿ, ಎಲೆ ಅಡಿಕೆ ಇಟ್ಟಳು. ಉಡಿಗೆ ಒಂದು ಖಣ ಬೇಕಲ್ಲ, ತವರಿನಿಂದ ಬಂದ ಹಸಿರು ಖಣವೊಂದು ಅವಳ ಟ್ರಂಕಿನಲ್ಲಿತ್ತು. ಹೊಲಿಗೆ ಪೂರ್ತಿ ಬಂದ ಮೇಲೆ ಮೊದಲ ಕುಬಸ ಅದರಲ್ಲೇ ಹೊಲಿದುಕೊಳ್ಳಬೇಕೆಂದು ಇಟ್ಟುಕೊಂಡಿದ್ದು. ಅದನ್ನೇ ತಂದು ಮರಕ್ಕೆ ಕಟ್ಟಿದಳು. ಬೇರೆ ಖಣ ಇರಲಿಲ್ಲವೇ ಎಂದು ಖಾಲಾ ಕೇಳಿದ್ದಕ್ಕೆ, ಇದರಿಂದ ಇನ್ನೇನು ಆಗಬೇಕು ಎಂದಳಂತೆ. ಬೊಡ್ಡೆಗೆ ಕೊಡಲಿ ಹಾಕುವ ಮೊದಲು ಕಡಿಯುವವನೊಬ್ಬ ಆ ಖಣ ಬಿಚ್ಚಿ, ಧೂಳು ಕೊಡವಿ, ಕಿಸೆಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಕೈ ಮುಗಿದು ಎದ್ದ ಅವ್ವ ಮನೆಯೊಳಗೆ ಬರಲಿಲ್ಲ. ನೆರಳು ಇನ್ನೂ ಖಾಲಾಳ ಕಟ್ಟೆಯ ಮೇಲಿತ್ತು. ಓಣಿ ದಾಟಿ ಹೋಗಿ ಮಶಿನ್ನಿನ ಮುಂದೆ ಕೂತಳು. ಖಾಲಾ ತನ್ನ ಹಳೆಯ ಸೀರೆಯಲ್ಲಿ ಕತ್ತರಿಸಿಕೊಟ್ಟ ಕುಬಸವಿತ್ತು, ಅದಕ್ಕೆ ತೋಳು ಕೂಡಿಸತೊಡಗಿದಳು. ಮೇಲೆ ಹತ್ತಿದವರು ತುದಿಯ ಟೊಂಗೆಗಳಿಂದ ಶುರು ಮಾಡಿದರು. ಒಂದು ಟೊಂಗೆ ಬಿದ್ದರೆ ಕಟ್ಟೆಯ ಮೇಲೆ ಒಂದು ತುಂಡು ಬಿಸಿಲು ಬೀಳುತ್ತಿತ್ತು. ಮೊದಲು ಅವಳ ಕಾಲ ಮೇಲೆ, ಆಮೇಲೆ ಮಡಿಲಲ್ಲಿದ್ದ ಬಟ್ಟೆಯ ಮೇಲೆ. ಅವಳು ಮಶಿನ್ನು ತುಳಿಯುವುದನ್ನು ನಿಲ್ಲಿಸಲಿಲ್ಲ. ಬಸುವಿನ ಜೋಳಿಗೆ ಕಟ್ಟುತ್ತಿದ್ದ ಟೊಂಗೆ ಬಿದ್ದಾಗ ಮಾತ್ರ ಒಮ್ಮೆ ತಿರುಗಿ ನೋಡಿದಳು. ಒಂದು ತೋಳು ಕೂಡಿತು. ಎರಡನೆಯದನ್ನು ಸೂಜಿಯ ಕೆಳಗೆ ಇಡುವಷ್ಟರಲ್ಲಿ ಮರ ಬರೀ ಬೊಡ್ಡೆಯಾಗಿ ನಿಂತಿತ್ತು, ಕಟ್ಟೆಯ ಮೇಲೆಲ್ಲ ಬೆಳ್ಳನೆಯ ಬಿಸಿಲು. ಹೊಸ್ತಿಲಲ್ಲಿ ಆಯಿ ನಿಂತಿದ್ದಳು.

"ಒಳಗ ಬಾ ಗಿರಿಜಾ. ನೆರಳು ಹೋತು."

"ಒಂದ್ ತೋಳು ಉಳದೈತ್ರಿ ಅಮ್ಮಾ, ಮುಗಿಸಿ ಬರ್ತಾಳ," ಎಂದಳು ಖಾಲಾ.

ಆಯಿ ಅದೇ ಮಾತನ್ನು ಅದೇ ತಣ್ಣನೆಯ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಅವ್ವ ದಾರ ಕಡಿದು, ಕುಬಸವನ್ನು ಮಡಿಚಿ ಮಶಿನ್ನಿನ ಮೇಲಿಟ್ಟು, ಬಿಸಿಲಿನಲ್ಲಿ ಓಣಿ ದಾಟಿ ಬಂದಳು. ಅದೇ ಕೊನೆ. ಅಂಗಳ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಆಮೇಲೆ ಯಾರೂ ಎತ್ತಲಿಲ್ಲ, ಯಾಕೆಂದರೆ ಅದು ಹೊಸ್ತಿಲಿಗೆ ಬಂದು ನಿಂತಿತ್ತು. ಬೆಳಿಗ್ಗೆ ಮನೆಯ ನೆರಳೂ ಓಣಿಗೆ ಬೀಳುತ್ತದಲ್ಲ ಎಂದು ನಾನು ಆಯಿಯೊಡನೆ ವಾದ ಮಾಡಿದೆ. ಗೋಡೆಯ ನೆರಳಿಗೂ ಗಿಡದ ನೆರಳಿಗೂ ಹೋಲಿಸುತ್ತೀಯಾ, ಶಾಲೆಯಲ್ಲಿ ಇದನ್ನೇ ಕಲಿಸುತ್ತಾರಾ ಎಂದು ನನ್ನ ಬಾಯಿ ಮುಚ್ಚಿಸಿದಳು. ಅಪ್ಪನನ್ನು ಕೇಳಿದರೆ, ನಾನೆಲ್ಲಿ ಬೇಡ ಎಂದೆ, ಅದು ಹೆಂಗಸರ ವಿಷಯ ಎಂದ. ಖಾಲಾ ಒಂದೆರಡು ಸಲ ತೋಳಿನ ಬಟ್ಟೆ ಹಿಡಿದು ನಮ್ಮ ಕಟ್ಟೆಗೇ ಬಂದಳು. ಆಯಿ ಇಬ್ಬರ ನಡುವೆ ಕೂತು ಜಪದ ಮಣಿ ಎಣಿಸಿದಳು. ಖಾಲಾ ಬರುವುದು ನಿಂತಿತು. ಕೆಲವು ಕಾಲದ ನಂತರ ಆ ಮನೆಯವರು ರಾಣೆಬೆನ್ನೂರಿಗೆ ಹೋದರು, ಮಶಿನ್ನೂ ಹೋಯಿತು.

ಮಾಳಿಗೆಗೆ ಬಿಸಿಲು ಬಂತು, ಅಪ್ಪ ಬಯಸಿದ್ದಕ್ಕಿಂತ ಹೆಚ್ಚೇ ಬಂತು. ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಇರುವುದು ಬಣ್ಣಕ್ಕೆ. ಮುಟ್ಟಿ ನೋಡಿ ಮಾಲಿನ ಊರು ಹೇಳುತ್ತಿದ್ದ ಅಪ್ಪನಿಗೆ, ಕಾದ ಗಚ್ಚಿನ ಮೇಲೆ ದಿನವಿಡೀ ಬಿದ್ದ ಕಾಯಿ ಬಣ್ಣ ಬಿಡುತ್ತದೆ ಎಂಬುದು ಹೊಳೆಯದೆ ಹೋಯಿತು. ಆಸೆಗೆ ಕಣ್ಣಿರುವುದಿಲ್ಲ. ಮೇಲಿನ ಪದರ ಬಿಳಿಚಿಕೊಂಡಿತು, ಮಾಲು ಅಗ್ಗಕ್ಕೆ ಹೋಯಿತು. ಆ ವ್ಯಾಪಾರ ಒಂದೇ ಸುಗ್ಗಿಗೆ ಮುಗಿಯಿತು. ಮರ ಮಾತ್ರ ಎಲ್ಲ ಸುಗ್ಗಿಗಳಿಗೂ ಹೋಗಿತ್ತು. ತುಂಬು ಬಿಡಿಸುವ ಹೆಂಗಸರು ಬೇರೆ ಓಣಿ ನೋಡಿಕೊಂಡರು. ಅವರ ಜೊತೆ ಸುದ್ದಿಯೂ ಹೋಯಿತು, ನಗುವೂ ಹೋಯಿತು. ಘಾಟು ನೇರವಾಗಿ ಕಿಟಕಿಯಲ್ಲಿ ನುಗ್ಗಿತು.

ಆ ಬೇಸಿಗೆಯಲ್ಲಿ ಮುಂದಿನ ಕೋಣೆ ಒಲೆಯಾಯಿತು. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಕಿಟಕಿಯಿಂದ ಇಳಿದು ಆಯಿಯ ಹೊರಸಿನ ಮೇಲೆಯೇ ಬೀಳುತ್ತಿತ್ತು. ಕರೆಂಟು ಇದ್ದಾಗ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು, ಇಲ್ಲದಾಗ ಅದೂ ಇಲ್ಲ. ಒಳಕೋಣೆಯಲ್ಲಿ ಮಲಗಿಸಿದರೆ ಗಾಳಿಯಿಲ್ಲದೆ ದಮ್ಮು ಹೆಚ್ಚಾಗುತ್ತಿತ್ತು. ಅವ್ವ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದಳು, ಮಜ್ಜಿಗೆ ಕುಡಿಸುತ್ತಿದ್ದಳು, ಬೀಸಣಿಕೆ ಹಿಡಿದು ಕೂಡುತ್ತಿದ್ದಳು. ಸೇವೆಯಲ್ಲಿ ಎಳ್ಳಷ್ಟೂ ಕಡಿಮೆಯಿಲ್ಲ. ಒಂದು ಮಧ್ಯಾಹ್ನ ಆಯಿಗೆ ತಾಳಲಾಗಲಿಲ್ಲ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಹೊರಸನ್ನು ಮರದ ಕೆಳಗೆ ಒಯ್ದು ಹಾಕುವುದು ರೂಢಿಯಾಗಿತ್ತು. ನೆನಪು ತಪ್ಪಿ ಕೇಳಿದಳೋ, ಸಂಕಟಕ್ಕೆ ಕೇಳಿದಳೋ.

"ಗಿರಿಜಾ, ಹೊರಸು ಹೊರಗ ಹಾಕವ್ವ. ಉಸರು ಕಟ್ಟಾಕತ್ತೈತಿ."

ಅವ್ವ ಬೀಸಣಿಕೆ ನಿಲ್ಲಿಸಲಿಲ್ಲ.

"ಎಲ್ಲಿ ಹಾಕ್ಲಿರಿ ಅತ್ತಿ? ನಮಗ ಅಂಗಳ ಇಲ್ಲಲ್ರಿ."

ಅದೇ ತಣ್ಣನೆಯ ದನಿ. ಸಮಯ ಹೇಳಿದ ಹಾಗೆ. ಆಯಿ ಗೋಡೆಯ ಕಡೆ ಹೊರಳಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಗಾದೆಯನ್ನು ಜನ ನಗುನಗುತ್ತ ಹೇಳುತ್ತಾರೆ. ನಾನು ಆ ಕಾಲ ಬಂದದ್ದನ್ನು ಕಣ್ಣಾರೆ ಕಂಡೆ, ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಗೆದ್ದವಳ ಮುಖದಲ್ಲಿ ಬೆವರು ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಹೆದರಿಕೆಯಾಯಿತು, ಯಾರ ಪರ ಹೆದರಬೇಕು ಎಂದು ಮಾತ್ರ ತಿಳಿಯಲಿಲ್ಲ.

ಮಳೆಗಾಲ ಹಿಡಿದಾಗ ಬೊಡ್ಡೆಯ ಬುಡದಲ್ಲಿ ಚಿಗುರು ಬಂತು. ಬೇವು ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಕೆಂಪು ಚಿಗುರು ನೋಡಿ ನಾನು ಕುಣಿದೆ, ದಿನಾ ಶಾಲೆಯಿಂದ ಬಂದು ನೋಡುತ್ತಿದ್ದೆ. ಬೆರಳುದ್ದ ಆಗುತ್ತಿತ್ತು, ಮರುದಿನ ಇರುತ್ತಿರಲಿಲ್ಲ. ಮತ್ತೆ ಬರುತ್ತಿತ್ತು, ಮತ್ತೆ ಇರುತ್ತಿರಲಿಲ್ಲ. ಅಪ್ಪನೇ ಮುರಿಯುತ್ತಿದ್ದಾನೆ ಎಂದುಕೊಂಡು ಒಳಗೊಳಗೇ ಅವನಿಗೆ ಶಾಪ ಹಾಕಿದೆ. ಒಂದು ದಿನ ಶಾಲೆ ಬೇಗ ಬಿಟ್ಟಿತು. ಓಣಿಯ ತಿರುವಿನಲ್ಲಿ ಬರುತ್ತಿದ್ದೆ, ಅವ್ವ ಕಟ್ಟೆಯ ಅಂಚಿಗೆ ಕೂತು, ಕಾಲು ಕೆಳಗಿಡದೆ, ಬಾಗಿ ಚಿಗುರು ಮುರಿಯುತ್ತಿದ್ದಳು. ಕೊತ್ತಂಬರಿ ಸೋಸುವಷ್ಟು ಸಾವಕಾಶವಾಗಿ. ನಾನು ಓಡಿಹೋಗಿ ಕೈ ಹಿಡಿದೆ.

"ಬೆಳೀಲಿ ಬಿಡವ್ವ. ದೊಡ್ಡದಾದ್ರ ನೀನೂ ಹೊರಗ ಹೋಗಬಹುದು."

ಅವ್ವ ನನ್ನ ಕೈ ಬಿಡಿಸಿಕೊಂಡಳು. ಉಳಿದ ಒಂದು ಚಿಗುರನ್ನೂ ಮುರಿದು ಓಣಿಗೆ ಎಸೆದಳು.

"ನಾಳೆ ಬಸೂನ ಹೇಂತಿ ಬರ್ತಾಳ. ಅಕಿ ಇದರ ಕೆಳಗ ನಿಂತಿರತಾಳ, ನೆರಳು ಸರೀತು ಒಳಗ ಬಾ ಅಂತ ನಾನ ಕೂಗತೀನಿ. ಕೂಗೂದಿಲ್ಲ ಅಂತ ನನಗ ನನ್ನ ಮ್ಯಾಲ ನಂಬಿಗಿ ಇಲ್ಲ."

ಎದ್ದು ಒಳಗೆ ಹೋಗುತ್ತ, ನೀನು ಬಿಸಿಲಿನಲ್ಲಿ ಅಡ್ಡಾಡುವುದನ್ನು ಕಲಿ ಎಂದಳು. ಕಲಿತೆ. ಮುಂದೆ ಹಾವೇರಿಗೆ ರೈಲಿನಲ್ಲಿ ಹೋಗಿ ಓದಿದೆ, ಅಲ್ಲಿಯೇ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಕಚೇರಿಯ ಆವರಣದಲ್ಲಿ ದೊಡ್ಡ ಮರಗಳಿವೆ. ದೂರದ ಹಳ್ಳಿಗಳಿಂದ ಕೆಲಸಕ್ಕೆ ಬಂದ ಹೆಂಗಸರು ಅವುಗಳ ಕೆಳಗೆ ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಕೂಸುಗಳನ್ನು ಮಲಗಿಸುತ್ತಾರೆ, ಗುರುತಿಲ್ಲದವರೊಡನೆ ಕಷ್ಟಸುಖ ಹಂಚಿಕೊಳ್ಳುತ್ತಾರೆ. ನೋಡಿದರೆ ಹೊಟ್ಟೆ ತಣ್ಣಗಾಗಬೇಕು. ನನಗೆ ಮಾತ್ರ ಅಲ್ಲಿ ಕೂತರೆ ಕಣ್ಣು ನೆರಳಿನ ಅಂಚಿಗೆ ಹೋಗುತ್ತದೆ, ಎಷ್ಟು ಸರಿಯಿತು ಎಂದು. ಅಪ್ಪ ಕಡಿಸಿದ್ದು ಮರವನ್ನು. ಈ ನೋಟವನ್ನು ಕಡಿಯುವವರು ಇನ್ನೂ ಸಿಕ್ಕಿಲ್ಲ.

ಆಯಿ ಹೋದಳು, ಅಪ್ಪನೂ ಹೋದ. ಈಗ ಬಸುವಿನ ಹೆಂಡತಿ ಬಂದಿದ್ದಾಳೆ, ಬಾಯಿ ಜೋರು, ಸ್ಕೂಟಿ ಓಡಿಸುತ್ತಾಳೆ, ಬ್ಯೂಟಿ ಪಾರ್ಲರ್ ಕಲಿಯಲು ಹೋಗುತ್ತಾಳೆ. ಅವಳು ಹೊರಟಾಗೆಲ್ಲ ಅವ್ವ ತುಟಿ ಬಿಗಿದುಕೊಂಡು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಹೋದ ಬೇಸಿಗೆಯಲ್ಲಿ ನಾನು ಊರಿಗೆ ಹೋಗಿದ್ದೆ. ಓಣಿಯಲ್ಲಿ ಒಂದು ಮರವೂ ಉಳಿದಿಲ್ಲ. ಹುಡುಗಿ ಸ್ಕೂಟಿಯ ಸೀಟು ಮುಟ್ಟಿ ಕೈ ಸುಟ್ಟುಕೊಂಡು, ಅವ್ವನ ಕಡೆ ತಿರುಗಿದಳು.

"ಅತ್ತೀ, ಮನಿ ಮುಂದ ಒಂದು ಬೇವಿನ ಗಿಡ ಹಚ್ಚೋಣೇನ್ರಿ?"

"ಬ್ಯಾಡ," ಎಂದಳು ಅವ್ವ, ಮತ್ತು ಒಳಗೆ ಹೋದಳು.

ಯಾಕೆ ಬೇಡವಂತೆ ಎಂದು ಹುಡುಗಿ ನನ್ನ ಮುಖ ನೋಡಿದಳು. ನಾನು ಬಟ್ಟೆಯೊಂದನ್ನು ಒದ್ದೆ ಮಾಡಿ ಕೊಟ್ಟೆ. ಅವಳು ಅದನ್ನು ಸೀಟಿನ ಮೇಲೆ ಹಾಸಿ, ಬಿಸಿಲಿಗೂ ಈ ಓಣಿಗೂ ಬೈಯುತ್ತ ಗಾಡಿ ಹತ್ತಿ, ಯಾರನ್ನೂ ಕೇಳದೆ ಹೋದಳು.